ಸೀರೆಗೆಷ್ಟು, ಬ್ಯಾಗಿಗೆಷ್ಟು: ತುಮಕೂರಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಒಂದು ಲೆಕ್ಕ

ಬ್ಯಾಗ್ ಕೊಳ್ಳುವ ಮುಂಚೆ ಬೀರು ತೆಗೆದು ಇರುವ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹಾಕಿ. ಕೆಲಸಕ್ಕೆ ಹಾಕುವುದು ಒಂದು ರಾಶಿ, ಹಬ್ಬ ಮದುವೆಯದು ಇನ್ನೊಂದು, ಮನೆಯಲ್ಲಿ ಹಾಕುವುದು ಮತ್ತೊಂದು. ಕೆಲಸದ ರಾಶಿಯಿಂದ ನಾಳೆ ಬೆಳಿಗ್ಗೆ ಸೇಫ್ಟಿ ಪಿನ್ ಚುಚ್ಚದೆ, ಕಲೆ ಮುಚ್ಚಲು ವೇಲ್ ಎಳೆದುಕೊಳ್ಳದೆ ಹಾಕಿಕೊಂಡು ಹೊರಡಬಹುದಾದ ಜೊತೆಗಳು ಎಷ್ಟಿವೆ ಎಂದು ಎಣಿಸಿ. ವಾರಕ್ಕೆ ಆರು ದಿನ ಕೆಲಸವಿದ್ದರೆ ಎಂಟು ಜೊತೆ ಬೇಕು: ದಿನಕ್ಕೊಂದರಂತೆ ಆರು, ಮಳೆಗಾಲದಲ್ಲಿ ಒಣಗದೆ ಉಳಿದದ್ದಕ್ಕೆ ಬದಲಿ ಒಂದು, ಟೈಲರ್ ಹತ್ತಿರ ಕೂತಿರುವುದಕ್ಕೆ ಬದಲಿ ಇನ್ನೊಂದು. ಎಂಟು ತುಂಬುವ ತನಕ ದುಬಾರಿ ಬ್ಯಾಗಿನ ಮಾತು ಬೇಡ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸಂಜೆ ಮರಳುವವರ ಮೈಮೇಲೆ ಬಟ್ಟೆ ಹನ್ನೆರಡು ಗಂಟೆ ಇರುತ್ತದೆ. ಕಂಕುಳಲ್ಲಿ ಹಿಡಿಯುವ, ಬೆವರು ಹೀರದ ಕುರ್ತಾ ಇಡೀ ದಿನ ಕೆಡಿಸುತ್ತದೆ. ಹಾಗಂತ ಬ್ಯಾಗಿಗೆ ಹಾಕುವ ದುಡ್ಡು ದುಂದಲ್ಲ. ಎಂಟು ಜೊತೆಯಲ್ಲಿ ಒಂದೊಂದು ವಾರಕ್ಕೊಮ್ಮೆ ಹೊರಗೆ ಬಂದರೆ, ಬ್ಯಾಗ್ ದಿನಾ ಬರುತ್ತದೆ. ಆದ್ದರಿಂದ ಒಟ್ಟು ದುಡ್ಡಿನ ದೊಡ್ಡ ಪಾಲು ಬಟ್ಟೆಗೆ; ಒಂದೇ ವಸ್ತುವಿಗೆಂದು ಕೈಬಿಚ್ಚಿ ಕೊಡುವ ಮೊತ್ತ ಬ್ಯಾಗಿಗೆ.

ದುಡ್ಡು ಹಂಚುವುದು

ತಿಂಗಳಿಗೆ ₹3,000 ಎತ್ತಿಡಬಲ್ಲವರ ಲೆಕ್ಕ ಹಿಡಿಯೋಣ. ಬಟ್ಟೆ ಮತ್ತು ಹೊಲಿಗೆಗೆ ₹2,000, ಬ್ಯಾಗಿಗೆ ₹625, ರಿಪೇರಿಗೆ ₹375. ವರ್ಷಕ್ಕೆ ಕ್ರಮವಾಗಿ ₹24,000, ₹7,500, ₹4,500 ಆಯಿತು. ರಿಪೇರಿಯ ಪಾಲನ್ನು ಬಹಳ ಜನ ಎತ್ತಿಡುವುದೇ ಇಲ್ಲ. ಸೀರೆಗೆ ಫಾಲ್, ಡ್ರೈ ಕ್ಲೀನಿಂಗ್, ಬ್ಲೌಸ್ ಬಿಚ್ಚಿಸಿ ಅಗಲ ಮಾಡಿಸುವುದು, ಜಿಪ್ಪಿಗೆ ರನ್ನರ್, ಎಲ್ಲ ಇದರಲ್ಲೇ ಬರಬೇಕು. ಈ ಪಾಲು ಇಲ್ಲದ ಮನೆಯಲ್ಲಿ ರನ್ನರ್ ಕೆಟ್ಟ ಬ್ಯಾಗ್ ಬೀರುವಿನ ಮೇಲೆ ಹೋಗಿ ಕೂರುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ.

ಬ್ಯಾಗಿನ ₹625 ಕೈಯಲ್ಲಿದ್ದರೆ ಉಳಿಯುವುದಿಲ್ಲ, ಬ್ಯಾಂಕಿನಲ್ಲಿ ತಿಂಗಳ ಕಂತಿನ ಠೇವಣಿ, ಅಂದರೆ ಆರ್‌ಡಿ ಮಾಡಿ. ಎರಡು ವರ್ಷಕ್ಕೆ ₹15,000, ನಾಲ್ಕು ವರ್ಷಕ್ಕೆ ₹30,000 ಅಸಲು ಸೇರುತ್ತದೆ. ಅಷ್ಟು ದಿನ ಕಾದ ಮೇಲೂ ಅದೇ ಬ್ಯಾಗ್ ಬೇಕು ಅನಿಸಿದರೆ ಕೊಳ್ಳಿ, ತಪ್ಪಿಲ್ಲ. ಕಾರ್ಡಿನಲ್ಲಿ ಸಾಲ ಉಳಿಸಿ ಮಾತ್ರ ಕೊಳ್ಳಬೇಡಿ. ತಿಂಗಳಿಗೆ ಶೇ 3.5 ಬಡ್ಡಿಯ ಕಾರ್ಡಿನಲ್ಲಿ ₹30,000 ಬಾಕಿ ಉಳಿದರೆ ಒಂದು ತಿಂಗಳಿಗೇ ₹1,050 ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ ₹189. ಒಂದು ಕುರ್ತಾದ ದುಡ್ಡು ಹೋದಂತೆ. ನೋ ಕಾಸ್ಟ್ ಇಎಂಐ ಅಂದರೂ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ ಇವೆಯೇ ಎಂದು ಕೇಳಿಯೇ ಒಪ್ಪಿಕೊಳ್ಳಿ.

ಯಾವುದಕ್ಕೆ ಎಷ್ಟು ಕೊಡಬಹುದು ಎಂದು ತೀರ್ಮಾನಿಸಲು ಬೆಲೆಯನ್ನು ಬಳಕೆಯ ಸಲದಿಂದ ಭಾಗಿಸಿ. ಬಟ್ಟೆ ಹೊಲಿಗೆ ಸೇರಿ ₹1,400 ಬಿದ್ದ ಕುರ್ತಾ ವಾರಕ್ಕೊಮ್ಮೆಯಂತೆ ಎರಡು ವರ್ಷ, ಅಂದರೆ ಸುಮಾರು 100 ಸಲ ಬಂದರೆ ಸಲಕ್ಕೆ ₹14. ₹600ರ ರೆಡಿಮೇಡ್ 25 ಸಲಕ್ಕೆ ಬಣ್ಣ ಬಿಟ್ಟರೆ ಸಲಕ್ಕೆ ₹24. ಬಟ್ಟೆಯಲ್ಲಿ ಒಳ್ಳೆಯದೇ ಅಗ್ಗ.

ಬ್ಯಾಗಿನಲ್ಲಿ ಲೆಕ್ಕ ಹೀಗೇ ಬರುವುದಿಲ್ಲ, ಇದನ್ನು ಮುಚ್ಚಿಡಬಾರದು. ₹9,000ದ ಚರ್ಮದ ಬ್ಯಾಗ್ ವರ್ಷಕ್ಕೆ 280 ದಿನದಂತೆ ನಾಲ್ಕು ವರ್ಷ ಬಂದರೆ ದಿನಕ್ಕೆ ₹8. ₹1,800ರ ರೆಕ್ಸಿನ್ ಬ್ಯಾಗ್ ಒಂದೂವರೆ ವರ್ಷ ಬಂದರೂ ದಿನಕ್ಕೆ ₹4ರ ಆಸುಪಾಸು. ಚರ್ಮದ್ದು ರಿಪೇರಿ ಮಾಡಿಸಿಕೊಂಡು ಏಳೆಂಟು ವರ್ಷ ಬಂದರೆ ಮಾತ್ರ ಎರಡೂ ಸಮವಾಗುತ್ತವೆ. ₹45,000ದ ಡಿಸೈನರ್ ಬ್ಯಾಗನ್ನು ವರ್ಷಕ್ಕೆ ಹತ್ತು ಸಮಾರಂಭಕ್ಕೆ ಹಿಡಿದು ಆರು ವರ್ಷ ಇಟ್ಟುಕೊಂಡರೆ ಸಲಕ್ಕೆ ₹750. ಅದೇ ಬ್ಯಾಗನ್ನು ವಾರಕ್ಕೆರಡು ಸಲ ತೆಗೆದರೆ ಸುಮಾರು ₹72. ಹೋಲಿಕೆಗೆ, ₹15,000ದ ರೇಷ್ಮೆ ಸೀರೆ ವರ್ಷಕ್ಕೆ ನಾಲ್ಕು ಸಲದಂತೆ 15 ವರ್ಷ ಉಟ್ಟರೆ ಸಲಕ್ಕೆ ₹250, ಆಮೇಲೂ ಮಗಳಿಗೆ ಲಂಗ ಹೊಲಿಸಬಹುದು. ಎತ್ತಿಡುವುದಕ್ಕೆಂದೇ ಕೊಳ್ಳುವುದಾದರೆ ಸೀರೆಯೇ ಮೇಲು. ಡಿಸೈನರ್ ಬ್ಯಾಗ್ ಕೊಂಡವರು ಅದನ್ನು ಹೊರಗೆ ತೆಗೆಯಬೇಕು.

ಬಟ್ಟೆಯಲ್ಲಿ ನೋಡಬೇಕಾದ್ದು

ಎಂಜಿ ರಸ್ತೆಯ ಅಂಗಡಿಗಳಲ್ಲಿ ಟ್ಯೂಬ್‌ಲೈಟ್ ಬೆಳಕಿಗೆ ಬಣ್ಣ ಮೋಸ ಮಾಡುತ್ತದೆ, ಬಾಗಿಲ ಹತ್ತಿರ ತಂದು ಹಗಲ ಬೆಳಕಿಗೆ ಹಿಡಿಯಿರಿ. ನೇಯ್ಗೆ ಒಂದೇ ಸಮ ಇದೆಯೇ, ಅಲ್ಲಲ್ಲಿ ತೆಳುವಾಗಿದೆಯೇ ಎಂಬುದು ಆಗಲೇ ಕಾಣುವುದು. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಸುಕಿ ಬಿಡಿ. ಕಾಟನ್ ಸುಕ್ಕಾಗಲೇಬೇಕು, ಸುಕ್ಕೇ ಇಲ್ಲದಿದ್ದರೆ ಪಾಲಿಯೆಸ್ಟರ್ ಬೆರೆತಿರಬಹುದು. ಆಮೇಲೆ ಒದ್ದೆ ಮಾಡಿದ ಬಿಳಿ ಕರ್ಚೀಫನ್ನು ಒಳಬದಿಗೆ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಕಂಕುಳಿಗೂ ಹತ್ತುತ್ತದೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಅಂಥದ್ದನ್ನು ತರಬೇಡಿ.

ಹೊಲಿಯಲು ಕೊಡುವ ಮುಂಚೆ ಕಾಟನ್ ಬಟ್ಟೆಯನ್ನೂ ಅದರ ಲೈನಿಂಗನ್ನೂ ಬೇರೆಬೇರೆ ಬಕೆಟಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ಒಣಗಿಸಿ. ಶೇ 4 ಕುಗ್ಗಿದರೂ 44 ಇಂಚಿನ ಕುರ್ತಾ ಒಂದೂಮುಕ್ಕಾಲು ಇಂಚು ಗಿಡ್ಡವಾಗುತ್ತದೆ. ಮೇಲಿನ ಬಟ್ಟೆ ಕುಗ್ಗಿ ಲೈನಿಂಗ್ ಕುಗ್ಗದಿದ್ದರೆ ಅಂಚಿನಲ್ಲಿ ಅದು ಜೋತು ಬೀಳುತ್ತದೆ, ಮೊದಲ ಒಗೆತದಲ್ಲೇ ಕೆಡುವ ಕುರ್ತಾಗಳಲ್ಲಿ ಬಹಳಷ್ಟು ಕೆಡುವುದು ಹೀಗೇ. ಸೀರೆಯ ಫಾಲನ್ನೂ ಇದೇ ರೀತಿ ನೆನೆಸಿ ಇಸ್ತ್ರಿ ಮಾಡಿ ಕೊಡಿ, ಇಲ್ಲವಾದರೆ ಅಂಚು ಸುರುಟಿಕೊಳ್ಳುತ್ತದೆ. ಟೈಲರ್‌ಗೆ ಮೂರು ಮಾತು ಬಿಡಿಸಿ ಹೇಳಿ: ಎರಡೂ ಬದಿ ಒಂದೊಂದು ಇಂಚು ಮಾರ್ಜಿನ್ ಬಿಡಬೇಕು, ಕಂಕುಳಿಗೆ ಎರಡು ಹೊಲಿಗೆ ಹಾಕಬೇಕು, ಒಳಗೆ ಓವರ್‌ಲಾಕ್ ಮಾಡಬೇಕು. ಒಂದು ಇಂಚಿನಲ್ಲಿ ಹತ್ತರಿಂದ ಹನ್ನೆರಡು ಹೊಲಿಗೆ ಬಿದ್ದಿದ್ದರೆ ಸರಿ. ಏಳೆಂಟೇ ಇದ್ದರೆ ಕೂತು ಏಳುವಾಗ ಬಿರಿಯುತ್ತದೆ. ಮಾರ್ಜಿನ್ ಇರುವ ಬ್ಲೌಸು ಮೈ ತುಂಬಿದರೂ ಬರುತ್ತದೆ, ಇಲ್ಲದ್ದು ಒಂದೇ ವರ್ಷಕ್ಕೆ ಸುಮ್ಮನಾಗುತ್ತದೆ.

ರೇಷ್ಮೆ ವಿಷಯಕ್ಕೆ ಬಂದರೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲೇ ಸೀರೆ ನೇಯುವವರಿದ್ದಾರೆ. ಪುರುಸೊತ್ತು ಮಾಡಿಕೊಂಡು ಹೋದರೆ ಮಗ್ಗದ ಮುಂದೆಯೇ ನೋಡಿ ಕೊಳ್ಳಬಹುದು. ಅಂಗಡಿಯಲ್ಲಾದರೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಅದು ರೇಷ್ಮೆಯ ಶುದ್ಧತೆಗೆ. ಜರಿಯ ಬಗ್ಗೆ ಬೇರೆಯಾಗಿ ಕೇಳಬೇಕು. ಸಂಶಯ ಬಂದರೆ ಸೆರಗಿನ ತುದಿಯಿಂದ ಹಾಸಿನ (ಉದ್ದದ) ಎಳೆ ಒಂದು, ಹೊಕ್ಕಿನ (ಅಡ್ಡದ) ಎಳೆ ಒಂದು ತೆಗೆದು ಬೇರೆಬೇರೆ ಸುಡಿ. ಎರಡನ್ನೂ ಸುಡಲೇಬೇಕು, ಹಾಸು ರೇಷ್ಮೆ ಇದ್ದು ಹೊಕ್ಕು ಬೇರೆ ಇರುವ ಸೀರೆಗಳಿವೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ವಿಸ್ಕೋಸ್ ಇಲ್ಲವೇ ಕಾಟನ್.

ತೆರಿಗೆಯನ್ನೂ ಗಮನದಲ್ಲಿಡಿ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ ₹2,500ರವರೆಗೆ ಇದ್ದರೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಾದರೆ ಶೇ 18. ₹2,500ರ ಕುರ್ತಾಗೆ ₹125 ತೆರಿಗೆ, ₹2,600ರದ್ದಕ್ಕೆ ₹468. ನೂರು ರೂಪಾಯಿ ಹೆಚ್ಚಿನ ಕುರ್ತಾ ಕೊನೆಗೆ ₹443 ಹೆಚ್ಚು ಬಿದ್ದಂತಾಯಿತು. ಬಟ್ಟೆ ಕೊಂಡು ಹೊಲಿಸುವವರಿಗೆ ಈ ಗಡಿ ತಟ್ಟುವುದಿಲ್ಲ.

ಒಗೆಯುವ ನೀರು ಸಹ ಬಟ್ಟೆಯ ಆಯಸ್ಸು ಕಡಿಮೆ ಮಾಡುತ್ತದೆ. ನಲ್ಲಿಯಲ್ಲಿ ಹೇಮಾವತಿ ನದಿಯ ನೀರು ಬಂದ ದಿನ ಒಳ್ಳೆಯ ಬಟ್ಟೆ ಒಗೆಯಿರಿ, ಬೋರ್‌ವೆಲ್ ನೀರಿನ ದಿನ ಬೆಡ್‌ಶೀಟು, ಒರೆಸುವ ಬಟ್ಟೆ ಹಾಕಿ. ಗಡಸು ನೀರಿನಲ್ಲಿ ಸೋಪು ನೊರೆ ಬರುವ ಬದಲು ಮಡ್ಡಿಯಾಗಿ ಎಳೆಗಳ ನಡುವೆ ಕೂರುತ್ತದೆ, ಬಟ್ಟೆ ಒರಟಾಗಿ ಬಣ್ಣ ಮಂಕಾಗುತ್ತದೆ. ಬೋರ್ ನೀರು ಬಿಟ್ಟರೆ ಗತಿಯಿಲ್ಲ ಎನ್ನುವವರು ಲಿಕ್ವಿಡ್ ಬಳಸಿ, ಕೊನೆಯ ಜಾಲಿಗೆ ಹಿಡಿದಿಟ್ಟ ಮಳೆನೀರು ಉಪಯೋಗಿಸಿ.

ಬ್ಯಾಗಿನಲ್ಲಿ ನೋಡಬೇಕಾದ್ದು

ಮೊದಲು ತೂಕ. ಊಟದ ಡಬ್ಬಿ, ಒಂದು ಲೀಟರ್ ನೀರು, ಛತ್ರಿ, ಚಾರ್ಜರ್, ಪರ್ಸ್ ಎಲ್ಲ ಸೇರಿ ಎರಡೂವರೆ ಕೆಜಿ ದಾಟುತ್ತದೆ. ಇಷ್ಟು ಭಾರವನ್ನು ದಿನಾ ಹೊರಲು ಸಮಾರಂಭದ ಬ್ಯಾಗು ಹೊಲಿದಿರುವುದಿಲ್ಲ. ಹಿಡಿಕೆ ಕೂರಿಸಿದ ಜಾಗದಲ್ಲೇ ಕೀಳುತ್ತದೆ. ಸಾರು ಸೋರಿದರಂತೂ ಒಳಗಿನ ಬಟ್ಟೆಯ ವಾಸನೆ ಹೋಗುವುದಿಲ್ಲ. ಡಬ್ಬಿ, ಬಾಟಲಿಗೆ ಗಟ್ಟಿ ಕಾಟನ್ ಚೀಲ ಬೇರೆ ಇಡಿ. ಇದೊಂದು ಮಾಡಿದರೆ ಒಳ್ಳೆಯ ಬ್ಯಾಗಿನ ಆಯಸ್ಸು ಸಲೀಸಾಗಿ ಹೆಚ್ಚುತ್ತದೆ.

ಅಂಗಡಿಯಲ್ಲಿ ಬ್ಯಾಗಿನ ಕತ್ತರಿಸಿದ ಅಂಚು ಹುಡುಕಿ. ಚರ್ಮದ ಅಂಚು ನಾರುನಾರಾಗಿರುತ್ತದೆ. ರೆಕ್ಸಿನ್ನಿನಲ್ಲಿ ಮೇಲೆ ಪ್ಲಾಸ್ಟಿಕ್ಕಿನ ತೆಳು ಪದರ, ಕೆಳಗೆ ನೇಯ್ದ ಬಟ್ಟೆ ಕಾಣುತ್ತದೆ. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಒಳಜೇಬಿನ ಬಾಯಿ ನೋಡಿ. ‘ಜೆನ್ಯೂನ್ ಲೆದರ್’ ಎಂಬ ಮುದ್ರೆಯಿಂದ ಚರ್ಮದ ದರ್ಜೆ ತಿಳಿಯುವುದಿಲ್ಲ. ಫುಲ್ ಗ್ರೇನ್ ಅಥವಾ ಟಾಪ್ ಗ್ರೇನ್, ಅಂದರೆ ತೊಗಲಿನ ಮೇಲ್ಪದರದ ಚರ್ಮ ಹೌದೇ ಎಂದು ಕೇಳಿ. ಬಾಂಡೆಡ್ ಲೆದರ್ ಅಂದರೆ ಚರ್ಮದ ಚೂರುಗಳನ್ನು ಅಂಟಿನಿಂದ ಒತ್ತಿದ್ದು, ಸಿಪ್ಪೆ ಏಳುತ್ತದೆ. ಪಿಯು (ಪಾಲಿಯುರೆಥೇನ್ ಲೇಪಿಸಿದ ಕೃತಕ ಚರ್ಮ) ಬ್ಯಾಗನ್ನು ‘ಹಾಳಾಗುತ್ತೆ’ ಎಂದು ಬೀರುವಿನಲ್ಲಿ ಜೋಪಾನ ಮಾಡಿದರೂ ಪ್ರಯೋಜನವಿಲ್ಲ. ಗಾಳಿಯ ತೇವವೇ ಅದರ ಪದರವನ್ನು ಒಡೆಯುತ್ತದೆ, ಬಳಸದಿದ್ದರೂ ಕೆಲವು ವರ್ಷಕ್ಕೆ ಅಂಟಂಟಾಗಿ ಉದುರುತ್ತದೆ. ತಂದ ಮೇಲೆ ದಿನಾ ಬಳಸಿ ಮುಗಿಸುವುದೇ ಸರಿ.

ಬ್ಯಾಗಿನ ಹೊಲಿಗೆಯ ಲೆಕ್ಕ ಕುರ್ತಾದಂತಲ್ಲ. ಇಂಚಿಗೆ ಆರರಿಂದ ಎಂಟು ಸಾಕು. ಒತ್ತಾಗಿ ಹೊಲಿದರೆ ತೂತುಗಳ ಸಾಲು ರಸೀದಿ ಪುಸ್ತಕದ ಹರಿಯುವ ಗೆರೆಯಂತಾಗಿ, ಭಾರ ಬಿದ್ದಾಗ ಅಲ್ಲೇ ಹರಿಯುತ್ತದೆ. ಹಿಡಿಕೆಯ ಬುಡದಲ್ಲಿ ಚೌಕದ ಹೊಲಿಗೆ, ಮಧ್ಯೆ ಅಡ್ಡ ಗೆರೆಗಳಿದ್ದರೆ ಗಟ್ಟಿ. ಜಿಪ್ಪನ್ನು ಮೂಲೆಯ ತಿರುವಿನಲ್ಲಿ ಒಂದೇ ಕೈಯಲ್ಲಿ ಹತ್ತು ಸಲ ಎಳೆದು ನೋಡಿ, ಸಿಕ್ಕಿಕೊಳ್ಳುವುದು ಅಲ್ಲೇ. ರನ್ನರ್ ಹಿಂದೆ ಅದರ ನಂಬರ್ ಇದ್ದರೆ ಬರೆದಿಟ್ಟುಕೊಳ್ಳಿ. ಬದಲಿಸುವಾಗ ಅದೇ ಅಳತೆಯದು ಬೇಕು.

ಡಿಸೈನರ್ ಹೆಸರಿಗೆ ಕೊಡುವ ದುಡ್ಡಿನ ಬಗ್ಗೆ ಒಂದು ತಿಳಿವಳಿಕೆ ಇರಲಿ. ಬೆಂಗಳೂರಿನ ಯುಬಿ ಸಿಟಿಯಲ್ಲಿ ಮಳಿಗೆ ಇರುವ ಲೂಯಿ ವಿಟಾನ್‌ನ ಹೆಸರಾಂತ ಕಂದು ಬ್ಯಾಗಿನ ಮೈ ಚರ್ಮದ್ದಲ್ಲ, ಮೇಲೆ ಲೇಪನವಿರುವ ಕ್ಯಾನ್ವಾಸ್. ಮಳೆಗೆ ಅದು ಜಗ್ಗುವುದಿಲ್ಲ. ಆದರೆ ಹಿಡಿಕೆ ಹದ ಮಾಡಿ ಬಣ್ಣ ಹಾಕದೆ ಬಿಟ್ಟ ಚರ್ಮ. ಕೈ ಬೆವರಿಗೆ ಕಪ್ಪಾಗುತ್ತದೆ, ನೀರ ಹನಿ ಬಿದ್ದರೆ ಕಲೆ ಉಳಿಯುತ್ತದೆ. ಪುದುಚೇರಿಯಲ್ಲಿ 1978ರಲ್ಲಿ ಶುರುವಾದ ಹೈಡಿಸೈನ್‌ನಂಥ ನಮ್ಮ ದೇಶದ ಹೆಸರುಗಳಲ್ಲಿ ಇದರ ಬೆಲೆಯ ಸಣ್ಣ ಪಾಲಿಗೆ ಒಳ್ಳೆಯ ಚರ್ಮ ಸಿಗುತ್ತದೆ. ಮೊದಲ ದುಬಾರಿ ಬ್ಯಾಗ್ ಕೊಳ್ಳುವವರಿಗೆ ನಮ್ಮ ಸಲಹೆ ಅಂಥದ್ದೇ: ಕಂದು ಅಥವಾ ಕಪ್ಪು, ದೊಡ್ಡ ಅಕ್ಷರಗಳಿಲ್ಲದ್ದು, ಕುರ್ತಾಗೂ ಸೀರೆಗೂ ಹೊಂದುವಂಥದ್ದು. ಫಸ್ಟ್ ಕಾಪಿ ಎನ್ನುವ ನಕಲಿಗೆ ಬಿಡಿಗಾಸೂ ಬೇಡ. ಹೆಸರೂ ಸುಳ್ಳು, ವಾರಂಟಿಯೂ ಇಲ್ಲ.

ಬ್ಯಾಗೇ ಬಟ್ಟೆ ಕೆಡಿಸಿದಾಗ

ಎರಡೂ ಖರ್ಚನ್ನು ಒಟ್ಟಿಗೆ ಯೋಚಿಸಬೇಕು ಎನ್ನುವುದಕ್ಕೆ ಇದು ಮುಖ್ಯ ಕಾರಣ. ಕುರ್ತಾದ ಬಲಸೊಂಟದ ಮೇಲೆ ಸಣ್ಣಸಣ್ಣ ಗಂಟು ಎದ್ದಿದ್ದರೆ ಬೆರಳಾಡಿಸಿ ನೋಡಿ, ಎಡಗಡೆ ನುಣುಪಾಗಿರುತ್ತದೆ. ಬ್ಯಾಗ್ ನಡೆಯುವಾಗಲೆಲ್ಲ ಅಲ್ಲೇ ಉಜ್ಜಿದೆ. ಚೈನಿನ ಪಟ್ಟಿ ಕ್ರೇಪ್ ಸೀರೆಯ ಎಳೆ ಎಳೆಯುತ್ತದೆ, ಜಿಪ್ಪಿನ ಲೋಹದ ತುದಿ ಜರಿಗೆ ಸಿಕ್ಕಿ ಬಾರ್ಡರ್ ಸುಕ್ಕಾಗುತ್ತದೆ. ಗಾಢ ಬಣ್ಣದ ಚರ್ಮ ಬೆವರಿದ ಬಿಳಿ ಕುರ್ತಾಗೆ ಬಣ್ಣ ಬಿಡುತ್ತದೆ, ಹೊಸ ಜೀನ್ಸ್ ತಿಳಿ ಬಣ್ಣದ ಬ್ಯಾಗಿಗೆ ನೀಲಿ ಹತ್ತಿಸುತ್ತದೆ. ಆದ್ದರಿಂದ ಬಟ್ಟೆಗೆ ಮಾಡಿದ ಒದ್ದೆ ಕರ್ಚೀಫಿನ ಪರೀಕ್ಷೆಯನ್ನು ಬ್ಯಾಗಿನ ಹಿಂಬದಿಗೂ ಮಾಡಿ. ಪಟ್ಟಿ ಒಂದು ಇಂಚಿಗಿಂತ ಕಡಿಮೆ ಅಗಲವಿದ್ದರೆ ಹೆಗಲೂ ನೋಯುತ್ತದೆ, ಬಟ್ಟೆಯೂ ಸವೆಯುತ್ತದೆ. ರೇಷ್ಮೆ ಉಟ್ಟ ದಿನ ಹೆಗಲಿಗೆ ಹಾಕದೆ ಕೈಯಲ್ಲಿ ಹಿಡಿಯುವ ಬ್ಯಾಗೇ ವಾಸಿ.

ಕೊಳ್ಳುವ ಕಾಲಕ್ಕೆ ಬಂದರೆ, ಆಷಾಢದ ರಿಯಾಯಿತಿಯಲ್ಲಿ ಹಳೆ ಸ್ಟಾಕ್ ಇರುತ್ತದೆ. ಸೀರೆಯನ್ನು ಪೂರ್ತಿ ಬಿಡಿಸಿ ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿಯಿರಿ; ಬಹಳ ದಿನ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಅಲ್ಲೇ ಸೀಳಿರಬಹುದು. ವರಮಹಾಲಕ್ಷ್ಮಿ, ಗೌರಿ ಹಬ್ಬ ಹತ್ತಿರ ಬಂದಂತೆ ಟೈಲರ್‌ಗಳ ಕೈ ತುಂಬಿರುತ್ತದೆ, ಅವಸರದಲ್ಲಿ ಮಾರ್ಜಿನ್ನೂ ಬಿಡುವುದಿಲ್ಲ. ಆಷಾಢದಲ್ಲೇ ಬಟ್ಟೆ ತಂದು, ನೆನೆಸಿ, ಹಬ್ಬಕ್ಕೆ ಮೂರು ವಾರ ಮುಂಚೆ ಅಳತೆ ಬ್ಲೌಸಿನ ಜೊತೆ ಕೊಟ್ಟುಬಿಡಿ. ಮಳೆಗಾಲದಲ್ಲಿ ಚರ್ಮದ ಬ್ಯಾಗಿಗೆ ಬೂಷ್ಟು ಹಿಡಿಯುವುದರಿಂದ, ಒಳಗೆ ಬಿಳಿ ಕಾಗದ ತುರುಕಿ, ಹಳೆ ಕಾಟನ್ ದಿಂಬಿನ ಕವರಿನಲ್ಲಿ ಹಾಕಿ, ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಯಾಡಿಸಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ನಿಲ್ಲುತ್ತದೆ. ನ್ಯೂಸ್‌ಪೇಪರ್ ಕೂಡ ಬೇಡ, ಅದರ ಮಸಿ ತಿಳಿ ಬಣ್ಣದ ಅಸ್ತರಿಗೆ ಹತ್ತಿದರೆ ಹೋಗುವುದಿಲ್ಲ.