ಅಂಕೋರ್ ವಾಟ್ ಒಳಗೆ ಹೋದ್ಮೇಲೆ ಬಲಕ್ಕೆ ತಿರುಗಿ

ಕಾಂಬೋಡಿಯಾದ ಅಂಕೋರ್ ವಾಟ್ ದೇವಸ್ಥಾನಕ್ಕೆ ಹೋಗಿ ಬಂದವರ ಫೋಟೋ ನೋಡಿದ್ರೆ ಎಲ್ಲಾ ಒಂದೇ ಥರ, ಕೊಳದ ಮುಂದೆ ಸೂರ್ಯೋದಯ. ಬೇಡ ಅನ್ನಲ್ಲ, ನಾನೂ ನಾಲ್ಕಕ್ಕೇ ಎದ್ದು ಹೋಗಿದ್ದೆ, ಕಂಡಿದ್ದು ಅರ್ಧ ಗೋಪುರ, ಅರ್ಧ ಮೊಬೈಲ್ ಹಿಡಿದ ಕೈಗಳು. ಬೆಳಕಾದ ತಕ್ಷಣ ಜನ ತಿಂಡಿಗೆ ಅಂತ ವಾಪಸ್ ಓಡ್ತಾರೆ ನೋಡಿ, ನೀವು ಆಗ ಒಳಗೆ ಹೋಗಿ.

ದೇವಸ್ಥಾನದ ಮುಖ ಪಶ್ಚಿಮಕ್ಕೆ. ಪ್ರದಕ್ಷಿಣೆ ಅಭ್ಯಾಸಕ್ಕೆ ಕಾಲು ತಾನಾಗೇ ಎಡಕ್ಕೆ ಹೋಗತ್ತೆ, ಆದ್ರೆ ಇಲ್ಲಿ ಗೋಡೆ ಮೇಲಿನ ಕೆತ್ತನೆ ನೋಡೋ ಕ್ರಮ ಅಪ್ರದಕ್ಷಿಣೆ, ಅದಕ್ಕೇ ಬಲಕ್ಕೆ ತಿರುಗಿ ಅಂದಿದ್ದು. ಮೊದಲು ಸಿಗೋದೇ ಕುರುಕ್ಷೇತ್ರ. ಎರಡೂ ಕಡೆಯಿಂದ ಸೈನ್ಯ ಬಂದು ನಡುವೆ ಗುದ್ದಾಡ್ತಿದೆ, ಆ ಗದ್ದಲದಲ್ಲಿ ಬಾಣದ ಮೇಲೆ ಮಲಗಿರೋ ಭೀಷ್ಮನನ್ನ ನೀವೇ ಹುಡುಕಿ, ಗೈಡ್ ತೋರಿಸೋಕೆ ಮುಂಚೆ ಸಿಕ್ಕಿದ್ರೆ ಅದರ ಖುಷಿನೇ ಬೇರೆ. ಕೈ ಸವರಿ ಸವರಿ ಕೆಲವು ಕಡೆ ಕಲ್ಲು ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ, ನೀವು ಮುಟ್ಟಬೇಡಿ. ಹಾಗೇ ಮುಂದೆ ಪೂರ್ವದ ಕಡೆ ಸುಮಾರು 49 ಮೀಟರ್ ಉದ್ದದ ಸಮುದ್ರ ಮಥನ, ಪೂರ್ತಿ ಸುತ್ತಿ ಬರೋ ಹೊತ್ತಿಗೆ ಲಂಕೆಯ ಯುದ್ಧ. ಇದನ್ನ ಕಟ್ಟಿಸಿದ ಎರಡನೇ ಸೂರ್ಯವರ್ಮನ್ ನಮ್ಮ ಹೊಯ್ಸಳ ವಿಷ್ಣುವರ್ಧನನ ಕಾಲದವನೇ, ಅಂದ್ರೆ ಬೇಲೂರಲ್ಲಿ ಉಳಿ ಸದ್ದು ಮಾಡ್ತಿದ್ದ ಕಾಲದಲ್ಲೇ ಇಲ್ಲೂ ವಿಷ್ಣುವಿಗೆ ಗುಡಿ ಏಳ್ತಿತ್ತು!

ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತಗೊಳ್ಳಿ. ಸಂಜೆ 5ರ ಮೇಲೆ ಕೊಂಡ್ರೆ ಲೆಕ್ಕ ಮಾರನೇ ದಿನದಿಂದ, ಆವತ್ತಿನ ಸೂರ್ಯಾಸ್ತ ಪುಕ್ಕಟೆ. ಮೇಲಿನ ಹಂತಕ್ಕೆ ಹತ್ತಬೇಕಂದ್ರೆ ಭುಜ, ಮಂಡಿ ಮುಚ್ಚಿರಬೇಕು, ಶಾಲು ಹೊದ್ಕೊಂಡ್ರೆ ಸಾಕು ಅನ್ಕೋಬೇಡಿ, ತೋಳಿರೋ ಅಂಗಿನೇ ಹಾಕಿ.

ಬಾಯೊನ್‌ನ ಕಲ್ಲಿನ ಮುಖಗಳು, ಮರದ ಬೇರು ಹಬ್ಬಿದ ತಾ ಪ್ರೋಮ್, ಹತ್ತಿರದ ಈ ಎರಡು ಗುಡಿಗಳನ್ನ ಯಾರಾದ್ರೂ ತೋರಿಸ್ತಾರೆ. ಬಾಂಟಿ ಸ್ರೇ ಮಾತ್ರ ಸ್ವಲ್ಪ ದೂರ ಅಂತ ಬಿಟ್ಟುಬಿಡ್ತಾರೆ, ಬಿಡಬೇಡಿ. 967ರ ಪುಟ್ಟ ಶಿವನ ಗುಡಿ, ಗುಲಾಬಿ ಬಣ್ಣದ ಮರಳುಗಲ್ಲು, ಕೈಲಾಸ ಅಲ್ಲಾಡಿಸೋ ರಾವಣ ಅಲ್ಲೂ ಇದ್ದಾನೆ, ಹಳೇಬೀಡಿನ ರಾವಣನ್ನ ನೋಡಿದವರು ಪಕ್ಕದಲ್ಲಿಟ್ಟು ಹೋಲಿಸಿ.

ಗುಡಿ ನೋಡಿ ಸಾಕಾದ್ರೆ ತೊನ್ಲೆ ಸಾಪ್ ಸರೋವರ. ಮಳೆಗಾಲದಲ್ಲಿ ಮೆಕಾಂಗ್ ನದಿ ಎಷ್ಟು ಉಕ್ಕತ್ತೆ ಅಂದ್ರೆ ಸರೋವರದಿಂದ ಹರಿದು ಬಂದು ಅದನ್ನ ಸೇರೋ ನದಿ ಹಿಮ್ಮುಖವಾಗಿ ಹರಿಯೋಕೆ ಶುರು ಮಾಡತ್ತೆ, ಸರೋವರ ಹಲವು ಪಟ್ಟು ಅಗಲ ಆಗತ್ತೆ. ಕಾಂಪೊಂಗ್ ಪ್ಲುಕ್ ಊರಿನ ಮನೆಗಳು ಎತ್ತರದ ಕಂಬದ ಮೇಲೆ ಯಾಕಿವೆ ಅಂತ ಆಗ ಗೊತ್ತಾಗೋದು. ನವೆಂಬರ್‌ನಲ್ಲಿ ಹೋದ್ರೆ ನೀರೂ ಇರತ್ತೆ, ಸೆಕೆನೂ ಕಮ್ಮಿ. ಏಪ್ರಿಲ್‌ನಲ್ಲಿ ಹೋದ್ರೆ ಕೆಸರು, ಧೂಳು, ಬೆವರು ಅಷ್ಟೇ.

ಸಸ್ಯಾಹಾರಿಗಳು ಬರೀ ನೋ ಮೀಟ್ ಅಂದ್ರೆ ಆಗಲ್ಲ, ಮೀನಿನ ಸಾಸೂ ಬೇಡ ಅಂತ ಬಿಡಿಸಿ ಹೇಳಿ. ಡಾಲರ್ ನೋಟು ಹೊಸದೇ ಇಟ್ಕೊಳ್ಳಿ, ನನ್ನ ಇಪ್ಪತ್ತರ ನೋಟಿನ ಅಂಚು ಒಂದು ಚೂರು ಹರಿದಿತ್ತು ಅಷ್ಟೇ, ಮೂರು ಅಂಗಡಿಯವರು ನಗ್ತಾನೇ ವಾಪಸ್ ಕೊಟ್ರು.