ಅಂಗಳದಲ್ಲಿ ನಾಡಗಿಡ: ನೆಡುವ ಮೊದಲು ತಿಳಿಯಬೇಕಾದ ನಿಯಮಗಳು

ಚಿತ್ರದುರ್ಗದಂತಹ ಬಯಲುಸೀಮೆಯ ಊರಿನಲ್ಲಿ ಮನೆಯಂಗಳಕ್ಕೆ ಹೊಂಗೆ, ಬೇವು, ತಂಗಡಿ, ಲಕ್ಕಿಯಂತಹ ನಾಡಗಿಡಗಳೇ ತಕ್ಕವು. ಬೇರೂರಿದ ಮೇಲೆ ಅವು ಹೆಚ್ಚು ನೀರು ಬೇಡುವುದಿಲ್ಲ. ಆದರೆ ಗುಂಡಿ ತೋಡುವ ಮೊದಲು ಕಾನೂನಿನ ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ಸ್ವಂತ ಅಂಗಳದಲ್ಲಿ ಇಂತಹ ಸಸಿ ನೆಡಲು ಯಾರ ಅಪ್ಪಣೆಯೂ ಬೇಕಿಲ್ಲ, ಬೆಳೆದ ಮರವನ್ನು ಕಡಿಯಲು ಬೇಕು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ನಗರ ಪ್ರದೇಶದ ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ. ಬುಡಸಮೇತ ಕೀಳುವುದಷ್ಟೇ ಅಲ್ಲ, ಕೊಂಬೆ ಸವರುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಸುಡುವುದು ಕೂಡ ಅದರ ಪ್ರಕಾರ ಕಡಿಯುವುದೇ ಆಗುತ್ತದೆ. ತೆಂಗು, ನೀಲಗಿರಿ, ಗಾಳಿಮರ, ಸುಬಾಬುಲ್ ಮುಂತಾದವುಗಳಿಗೆ ವಿನಾಯಿತಿ ಇದ್ದು, ಆ ಪಟ್ಟಿಯಲ್ಲಿಲ್ಲದ ಮರಗಳಿಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕಾಗುತ್ತದೆ. ಆದ್ದರಿಂದ ಮುಂದೆಂದೂ ಕಡಿಯುವ ಪ್ರಮೇಯ ಬಾರದಂತಹ ಜಾಗವನ್ನು ಈಗಲೇ ಆರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ.

ಮೊದಲು ತಲೆಯೆತ್ತಿ ನೋಡಿ: ಬೆಸ್ಕಾಂ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ಹೊಂಗೆ ಬೇಡ, ಆಳೆತ್ತರದ ತಂಗಡಿ ಸಾಕು. ಬಳಿಕ ನೀರಿನ ಪೈಪು, ಒಳಚರಂಡಿ, ಸಂಪು ಎಲ್ಲಿವೆ ಎಂದು ಗುರುತು ಹಾಕಿಕೊಂಡು, ದೊಡ್ಡ ಮರವಾಗುವ ಸಸಿಯನ್ನು ಅವುಗಳಿಂದಲೂ ಗೋಡೆಯಿಂದಲೂ ಕನಿಷ್ಠ ಹನ್ನೆರಡು ಅಡಿ ದೂರ ಇಡಿ. ಅಷ್ಟು ಜಾಗವಿಲ್ಲದಿದ್ದರೆ ಕರಿಬೇವು, ಲಕ್ಕಿ ಸಾಕು. ಕಾಂಪೌಂಡಿನ ಆಚೆಯ ಪಾದಚಾರಿ ಮಾರ್ಗ ನಗರಸಭೆಗೆ ಸೇರಿದ್ದು. ಅಲ್ಲಿ ನೆಡುವ ಮನಸ್ಸಿದ್ದರೆ ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಎರಡಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ ಮೇಲ್ಮಣ್ಣಿಗೆ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಮುಂಗಾರಿನ ಮೊದಲ ಹದಮಳೆಗೇ ನೆಟ್ಟರೆ, ಸೆಪ್ಟೆಂಬರ್-ಅಕ್ಟೋಬರ್‌ನ ಮಳೆ ಬರುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಪಾತಿಯಲ್ಲಿ ನೀರು ದಿನಗಟ್ಟಲೆ ನಿಲ್ಲದಂತೆಯೂ, ಬಿಸಾಡಿದ ಕುಂಡಗಳಲ್ಲಿ ಸೊಳ್ಳೆ ಮರಿ ಮಾಡದಂತೆಯೂ ನೋಡಿಕೊಳ್ಳಿ.

ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳಿದ್ದರೆ ಕೂಡಲೇ ಔಷಧ ಸಿಂಪಡಿಸಬೇಡಿ; ಕೆಲವೇ ದಿನಗಳಲ್ಲಿ ಹಸಿರಾಗಿ, ಗೂಡು ಕಟ್ಟಿ, ಕಪ್ಪು ರೆಕ್ಕೆಯ ಚಿಟ್ಟೆಗಳಾಗುವ ಮರಿಗಳವು. ಇನ್ನು ಅಂಗಳದ ಮೂಲೆಯಲ್ಲಿ ಲಂಟಾನ ಹೂ ಬಿಟ್ಟಿದ್ದರೆ ಚೆಂದವೆಂದು ಉಳಿಸಿಕೊಳ್ಳದೆ, ಕಾಯಿ ಹಣ್ಣಾಗುವ ಮುನ್ನವೇ ಬೇರುಸಹಿತ ಕಿತ್ತುಹಾಕಿ. ಹಕ್ಕಿಗಳು ಅದರ ಬೀಜವನ್ನು ದೂರದವರೆಗೂ ಹರಡುತ್ತವೆ.

ಶ್ರೀಗಂಧ ನೆಡುವ ಆಸೆಯಿರುವವರಿಗೆ ಇನ್ನೊಂದು ಮಾತು: ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ತಂದ ತಿದ್ದುಪಡಿಯ ನಂತರ ಜಮೀನಿನ ಮಾಲೀಕನೇ ಮರದ ಒಡೆಯನಾದರೂ, ಕಟಾವಿಗೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಕಳ್ಳರ ಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮನೆಯಂಗಳಕ್ಕೆ ಅದನ್ನು ನಾನು ಸೂಚಿಸಲಾರೆ.