ಬರೋ (borough) ಕೌನ್ಸಿಲ್ ಚುನಾವಣೆಯ ಫಲಿತಾಂಶ: ಇಂಗ್ಲೆಂಡಿನ ಕನ್ನಡಿಗರು ಓದಬೇಕಾದ ಹಾಳೆ

ಇಂಗ್ಲೆಂಡಿನಲ್ಲಿ ಬರೋ ಅಂದರೆ ಒಂದು ಊರು ಅಥವಾ ದೊಡ್ಡ ನಗರದ ಒಂದು ಭಾಗ; ಅದರ ಆಡಳಿತ ನೋಡಿಕೊಳ್ಳುವ, ನಮ್ಮ ನಗರಪಾಲಿಕೆಯಂಥ ಸಂಸ್ಥೆಯೇ ಬರೋ ಕೌನ್ಸಿಲ್. ಕೌನ್ಸಿಲ್ ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ ನಡೆಯುತ್ತದೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಎಣಿಕೆ ಕೆಲವು ಕಡೆ ಅದೇ ರಾತ್ರಿ, ಇನ್ನು ಕೆಲವು ಕಡೆ ಮರುದಿನ. ಆಮೇಲೆ ಕೌನ್ಸಿಲಿನ ವೆಬ್‌ಸೈಟಿನಲ್ಲಿ ವಾರ್ಡಿಗೊಂದರಂತೆ ಫಲಿತಾಂಶದ ಹಾಳೆ ಬರುತ್ತದೆ. ನಮ್ಮವರ ಬಹಳಷ್ಟು ಮನೆಗಳಲ್ಲಿ ಅದನ್ನು ಯಾರೂ ತೆರೆದು ನೋಡುವುದಿಲ್ಲ. "ನಾವು ವೀಸಾ ಮೇಲೆ ಬಂದವರು, ನಮಗೂ ಇದಕ್ಕೂ ಏನು ಸಂಬಂಧ" ಅಂದುಕೊಂಡು ಸುಮ್ನಿದ್ದುಬಿಡುತ್ತೇವೆ.

ಸಂಬಂಧ ಇದೆ, ಜಾಸ್ತಿಯೇ ಇದೆ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರು ಕೆಲಸದ ವೀಸಾದಲ್ಲಿರಲಿ, ಓದಲು ಬಂದಿರಲಿ, 18 ತುಂಬಿದ್ದು ಇಲ್ಲಿ ವಾಸವಿದ್ದರೆ ಹೆಸರು ನೋಂದಾಯಿಸಿ ಮತ ಹಾಕಬಹುದು. ಕೌನ್ಸಿಲ್ ಚುನಾವಣೆಗೆ ಮಾತ್ರ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ. ನಿಮ್ಮ ಆಫೀಸಿನಲ್ಲಿರುವ ಅಮೆರಿಕದ ಪ್ರಜೆಗೆ ಈ ಹಕ್ಕಿಲ್ಲ, ನಿಮಗಿದೆ. ಅಭ್ಯರ್ಥಿಯಾಗಿ ನಿಲ್ಲುವುದಕ್ಕೆ ಮಾತ್ರ ನಿಯಮ ಬಿಗಿ. ಅದಕ್ಕೆ ಐಎಲ್ಆರ್, ಅಂದರೆ ಇಲ್ಲೇ ಕಾಯಂ ಆಗಿ ಇರಲು ಅನುಮತಿ ಸಿಕ್ಕಿರಬೇಕು.

ಈಗ ಆ ಹಾಳೆಗೆ ಬರೋಣ. ಮೊದಲು ಗಮನಿಸಬೇಕಾದ್ದು ಎಷ್ಟು ಸ್ಥಾನಗಳಿಗೆ ಚುನಾವಣೆ ನಡೆದಿದೆ ಎನ್ನುವುದು. ಬೆಂಗಳೂರಿನಲ್ಲಿ ಒಂದು ವಾರ್ಡಿಗೆ ಒಬ್ಬರೇ ಕಾರ್ಪೊರೇಟರ್. ಇಲ್ಲಿನ ಬರೋಗಳಲ್ಲಿ ಒಂದು ವಾರ್ಡಿಗೆ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ಕೌನ್ಸಿಲರ್‌ಗಳು. ಲಂಡನ್ನಿನ ಬರೋಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ. ಲಂಡನ್ನಿನ ಹೊರಗಿನ ಕೆಲವು ಬರೋಗಳಲ್ಲಿ, ಉದಾಹರಣೆಗೆ ರೆಡಿಂಗ್‌ನಲ್ಲಿ, ಪ್ರತಿ ಸಲ ಮೂರನೇ ಒಂದು ಭಾಗದ ಸ್ಥಾನಗಳಿಗೆ ಮಾತ್ರ ಚುನಾವಣೆ ಮಾಡುವ ಪದ್ಧತಿ ಬೆಳೆದುಬಂದಿದೆ. ಅಂಥ ಕಡೆ ಒಂದು ಪಕ್ಷ ಒಂದು ವರ್ಷ ಎಷ್ಟೇ ಚೆನ್ನಾಗಿ ಗೆದ್ದರೂ ಆಡಳಿತ ಬದಲಾಗದೇ ಇರಬಹುದು.

ಮೂರು ಸ್ಥಾನಗಳಿದ್ದರೆ ಪ್ರತಿ ಮತದಾರರಿಗೂ ಮೂರು ಮತ. ಮತಪತ್ರದಲ್ಲಿ ಪೆನ್ಸಿಲಿನಿಂದ ಮೂರು ಹೆಸರಿನ ಮುಂದೆ ಗುರುತು ಹಾಕಬಹುದು. ಎರಡೇ ಹಾಕಿದರೂ ಸರಿ, ಒಂದೇ ಹಾಕಿದರೂ ಸರಿ. ಅತಿ ಹೆಚ್ಚು ಮತ ಪಡೆದ ಮೊದಲ ಮೂವರು ಗೆದ್ದ ಹಾಗೆ. ಆದ್ದರಿಂದ ಹಾಳೆಯಲ್ಲಿರುವ ಎಲ್ಲರ ಮತಗಳನ್ನು ಕೂಡಿದರೆ ಮತ ಹಾಕಿದ ಜನರಿಗಿಂತ ದೊಡ್ಡ ಸಂಖ್ಯೆ ಬರುತ್ತದೆ. ಇದು ಎಣಿಕೆಯ ತಪ್ಪಲ್ಲ. ಒಂದು ವಾರ್ಡಿನಲ್ಲಿ 4,000 ಮತಪತ್ರ ಬಿದ್ದಿವೆ ಅಂದುಕೊಳ್ಳಿ. ಅವುಗಳಲ್ಲಿ 12,000 ಮತಗಳವರೆಗೂ ಇರಬಹುದು. ಪಕ್ಷದ ನಿಜವಾದ ಬಲ ತಿಳಿಯಬೇಕಾದರೆ ಆ ಪಕ್ಷದ ಮೂವರ ಮತ ಕೂಡಿಸಬೇಡಿ. ಮೂವರಲ್ಲಿ ಮೊದಲು ಬಂದವರ ಮತವನ್ನು ಮತಪತ್ರಗಳ ಸಂಖ್ಯೆಯ ಜೊತೆ ಇಟ್ಟು ನೋಡಿ.

ಒಂದೇ ಪಕ್ಷದ ಮೂವರಿಗೆ ಬಂದ ಮತ ಹತ್ತಿರ ಹತ್ತಿರ ಇರುತ್ತದೆ, ಆದರೆ ಸಮ ಇರುವುದು ಅಪರೂಪ. ಅಲ್ಲಿರುವ ನೂರಿನ್ನೂರು ಮತಗಳ ವ್ಯತ್ಯಾಸವನ್ನು ನಾನು ತುಂಬಾ ಆಸಕ್ತಿಯಿಂದ ನೋಡುತ್ತೇನೆ. ಮತಪತ್ರದಲ್ಲಿ ಹೆಸರುಗಳು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಇರುತ್ತವೆ, ಮೇಲಿರುವವರಿಗೆ ಸ್ವಲ್ಪ ಅನುಕೂಲ. ಜೊತೆಗೆ ಬೀದಿ ಬೀದಿ ಸುತ್ತಿ, ಜನರ ಕೆಲಸ ಮಾಡಿಕೊಟ್ಟ ಕೌನ್ಸಿಲರ್‌ಗೆ ಬೇರೆ ಪಕ್ಷದವರೂ ತಮ್ಮ ಮೂರರಲ್ಲಿ ಒಂದು ಮತ ಕೊಡುತ್ತಾರೆ. ಯಾರಿಗೆ ಪಕ್ಷದಾಚೆಗೂ ಹೆಸರಿದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ನಾಳೆ ನಿಮಗೊಂದು ಕೆಲಸ ಬಿದ್ದರೆ ಮೊದಲು ಯಾರಿಗೆ ಬರೆಯಬೇಕು ಎನ್ನುವುದಕ್ಕೂ ಅದೇ ಸುಳಿವು.

ಹಾಳೆಯ ಕೆಳಭಾಗದಲ್ಲಿ ತಿರಸ್ಕೃತ ಮತಪತ್ರಗಳ ಲೆಕ್ಕ ಇರುತ್ತದೆ, ಕಾರಣದ ಸಮೇತ. ಖಾಲಿ ಬಿಟ್ಟದ್ದು, ಇರುವ ಸ್ಥಾನಗಳಿಗಿಂತ ಹೆಚ್ಚು ಗುರುತು ಹಾಕಿದ್ದು, ಯಾರು ಹಾಕಿದರೆಂದು ಗೊತ್ತಾಗುವಂತೆ ಏನಾದರೂ ಬರೆದದ್ದು. ಇಲ್ಲಿ ನೋಟಾ ಇಲ್ಲ. ನಮ್ಮೂರ ಪತ್ರಿಕೆಗಳಲ್ಲಿ ಬರುವ "ಠೇವಣಿ ಕಳೆದುಕೊಂಡರು" ಎನ್ನುವ ಮಾತಿಗೂ ಇಲ್ಲಿ ಜಾಗವಿಲ್ಲ. ಕೌನ್ಸಿಲರ್ ಸ್ಥಾನಕ್ಕೆ ನಿಲ್ಲಲು ಠೇವಣಿಯನ್ನೇ ಕೇಳುವುದಿಲ್ಲ. ದುಡ್ಡಿಲ್ಲದವರೂ ನಿಲ್ಲಬಹುದು ಎನ್ನುವುದು ನನಗೆ ಈ ವ್ಯವಸ್ಥೆಯಲ್ಲಿ ಬಹಳ ಹಿಡಿಸಿದ ಸಂಗತಿ.

ಇಬ್ಬರಿಗೆ ಸಮ ಮತ ಬಂದರೆ? ಮರುಎಣಿಕೆ ಮಾಡಿಯೂ ಸಮ ಇದ್ದರೆ ಚುನಾವಣಾಧಿಕಾರಿ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. 2017ರಲ್ಲಿ ನಾರ್ಥಂಬರ್‌ಲೆಂಡ್ ಕೌಂಟಿ ಕೌನ್ಸಿಲಿನ ಸೌತ್ ಬ್ಲೈತ್ ವಾರ್ಡಿನಲ್ಲಿ ಹೀಗೇ ಆಯಿತು. ಅಲ್ಲಿ ಕಡ್ಡಿ ಎಳೆದು ಗೆದ್ದವರನ್ನು ಆರಿಸಿದರು. ಕಡ್ಡಿ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಯ ಪರವಾಗಿ ಬಂತು. 67 ಸ್ಥಾನಗಳ ಕೌನ್ಸಿಲಿನಲ್ಲಿ ಕನ್ಸರ್ವೇಟಿವ್ ಪಕ್ಷ 33ಕ್ಕೆ ನಿಂತು, ಬಹುಮತಕ್ಕೆ ಒಂದೇ ಸ್ಥಾನ ಕಡಿಮೆ ಬಿತ್ತು.

ವಾರ್ಡಿನಿಂದ ಇಡೀ ಬರೋಗೆ ಹೋದರೆ ಚಿತ್ರ ಬೇರೆ. ಲಂಡನ್ನಿನ ಬರೋಗಳ 2022ರ ಮೇ 5ರ ಮೂರು ಫಲಿತಾಂಶಗಳನ್ನೇ ನೋಡಿ. ಲ್ಯಾಂಬೆತ್‌ನ 63 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 58, ಲಿಬರಲ್ ಡೆಮಾಕ್ರಾಟರಿಗೆ 3, ಗ್ರೀನ್ ಪಕ್ಷಕ್ಕೆ 2. ಲೂಯಿಶಮ್‌ನಲ್ಲಿ 54ಕ್ಕೆ 54ನ್ನೂ ಲೇಬರ್ ಗೆದ್ದಿತು. ಹಾಗೆಂದು ಅಲ್ಲಿ ಬೇರೆ ಪಕ್ಷಗಳಿಗೆ ಮತ ಹಾಕಿದವರೇ ಇರಲಿಲ್ಲವೆಂದಲ್ಲ. ಮೂರು ಮತಗಳ ಪದ್ಧತಿಯಲ್ಲಿ ಸ್ವಲ್ಪ ಮುಂದಿರುವ ಪಕ್ಷ ವಾರ್ಡಿನ ಮೂರೂ ಸ್ಥಾನ ಬಾಚಿಕೊಳ್ಳುತ್ತದೆ. ವಿರೋಧ ಪಕ್ಷವೇ ಇಲ್ಲದ ಕೌನ್ಸಿಲ್ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ, ಯಾವ ಪಕ್ಷ ಗೆದ್ದರೂ ಸರಿ. ಅದೇ ದಿನ ಹ್ಯಾರೋನಲ್ಲಿ, ಭಾರತ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಬರೋದಲ್ಲಿ, ಗಾಳಿ ತಿರುಗಿ ಬೀಸಿತು. ವೆಸ್ಟ್‌ಮಿನ್‌ಸ್ಟರ್, ವಾಂಡ್ಸ್‌ವರ್ತ್, ಬಾರ್ನೆಟ್ ಕಳೆದುಕೊಂಡ ಕನ್ಸರ್ವೇಟಿವ್ ಪಕ್ಷ ಹ್ಯಾರೋದ 55ರಲ್ಲಿ 31 ಗೆದ್ದು, ಲೇಬರ್ ಕೈಯಿಂದ ಆಡಳಿತ ಪಡೆಯಿತು.

ಲಂಡನ್ನಿನದೇ ಇನ್ನೊಂದು ಬರೋ ಕ್ರಾಯ್ಡನ್ ಕಥೆ ಇನ್ನೂ ಗಮನಿಸುವಂಥದ್ದು. 2020ರ ನವೆಂಬರಿನಲ್ಲಿ ಆ ಕೌನ್ಸಿಲ್ ತನ್ನಲ್ಲಿ ಹಣವಿಲ್ಲವೆಂದು ಅಧಿಕೃತವಾಗಿ ಹೇಳಿಕೊಂಡಿತು. ಮರುವರ್ಷ ಜನ ಮತ ಹಾಕಿ, ಇನ್ನು ಮೇಯರನ್ನು ನಾವೇ ಆರಿಸುತ್ತೇವೆ ಅಂದರು. 2022ರಲ್ಲಿ ಕನ್ಸರ್ವೇಟಿವ್ ಪಕ್ಷದ ಜೇಸನ್ ಪೆರಿ ಗೆದ್ದರು. ಅಂತರ 600 ಮತಗಳೂ ಇರಲಿಲ್ಲ. ಕೌನ್ಸಿಲಿನಲ್ಲಿ ಮಾತ್ರ 70ರಲ್ಲಿ ಲೇಬರ್ 34, ಕನ್ಸರ್ವೇಟಿವ್ 33. ಯಾರಿಗೂ ಬಹುಮತ ಸಿಗಲಿಲ್ಲ. ಮುಂದಿನ ವರ್ಷ ಅಲ್ಲಿ ಕೌನ್ಸಿಲ್ ಟ್ಯಾಕ್ಸ್ ಸುಮಾರು ಶೇ. 15ರಷ್ಟು ಏರಿತು. ಸಾಮಾನ್ಯವಾಗಿ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಏರಿಸಬೇಕಾದರೆ ಇಂಥ ಕೌನ್ಸಿಲ್‌ಗಳು ಜನರ ಮತ ಕೇಳಬೇಕು, ಕ್ರಾಯ್ಡನ್‌ಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಬಾಡಿಗೆ ಮನೆಯಲ್ಲಿದ್ದರೂ ಈ ಟ್ಯಾಕ್ಸ್ ಕಟ್ಟುವವರು ಸಾಮಾನ್ಯವಾಗಿ ನಾವೇ ಅಲ್ವಾ? 600 ಮತ ಎಂದರೆ ಎಷ್ಟು ಮನೆ, ನೀವೇ ಲೆಕ್ಕ ಹಾಕಿ.

ಹೆಚ್ಚಿನ ಬರೋಗಳಲ್ಲಿ ಮೇಯರ್ ಅಂದರೆ ಹೀಗೆ ಜನ ನೇರವಾಗಿ ಆರಿಸಿದವರಲ್ಲ. ಚುನಾವಣೆಯ ನಂತರದ ವಾರ್ಷಿಕ ಸಭೆಯಲ್ಲಿ ಕೌನ್ಸಿಲರ್‌ಗಳೇ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ಆರಿಸುತ್ತಾರೆ. ಕೊರಳಿಗೆ ದೊಡ್ಡ ಸರ ಹಾಕಿಕೊಂಡು ಸಭೆ ನಡೆಸುವವರು ಅವರು. ನಿಜವಾದ ಅಧಿಕಾರ ಇರುವುದು ಕೌನ್ಸಿಲ್ ಲೀಡರ್ ಮತ್ತು ಅವರ ಕ್ಯಾಬಿನೆಟ್ ಕೈಯಲ್ಲಿ. ಆದರೂ ಮೇಯರ್ ಪದವಿಗೆ ಗೌರವ ದೊಡ್ಡದು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ 2010–11ರಲ್ಲಿ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪುತ್ಥಳಿ ನಿಲ್ಲಲು ಮುಂದೆ ನಿಂತು ದುಡಿದವರೂ ಅವರೇ. 2015ರ ನವೆಂಬರ್ 14ರಂದು ಅದರ ಅನಾವರಣವಾಯಿತು. ಆ ಜಾಗ ಲ್ಯಾಂಬೆತ್ ಬರೋದಲ್ಲೇ ಇದೆ.

ಗೆದ್ದವರ ಹೆಸರು ತಿಳಿದ ಮೇಲೆ ಅವರನ್ನು ಹಿಡಿಯುವುದು ಸುಲಭ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಥರದ ಪೋಸ್ಟ್‌ಕೋಡ್ ಹಾಕಿದರೆ ಇಮೇಲ್ ಸಿಗುತ್ತದೆ. ಅನೇಕರು ತಿಂಗಳಿಗೊಮ್ಮೆ ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಕೂತು ಜನರ ಅಹವಾಲು ಕೇಳುತ್ತಾರೆ. ಇದಕ್ಕೆ ಸರ್ಜರಿ ಅನ್ನುತ್ತಾರೆ. ಲಂಡನ್ನಿನಲ್ಲಿ ಕಸ, ಬೀದಿ ರಸ್ತೆ, ಪಾರ್ಕಿಂಗ್, ಮನೆ ವಿಸ್ತರಣೆಗೆ ಅನುಮತಿ, ಶಾಲೆಯ ಸೀಟು ಎಲ್ಲವೂ ಬರೋ ಕೌನ್ಸಿಲಿನದೇ ಕೆಲಸ. ಆದರೆ ಗಿಲ್ಡ್‌ಫರ್ಡ್‌ನಂಥ ಕಡೆ ಬರೋ ಮೇಲೆ ಸರ್ರಿ ಕೌಂಟಿ ಕೌನ್ಸಿಲ್ ಎಂಬ ಇನ್ನೊಂದು ಹಂತವೂ ಬೆಳೆದುಬಂದಿತ್ತು. ಅಂಥ ಊರುಗಳಲ್ಲಿ ರಸ್ತೆ, ಶಾಲೆ ಕೌಂಟಿಯದು. ಜಿಪಿ, ಅಂದರೆ ಸ್ಥಳೀಯ ಡಾಕ್ಟರ ಅಪಾಯಿಂಟ್‌ಮೆಂಟ್ ಮತ್ತು ಪೊಲೀಸ್ ಕೌನ್ಸಿಲರ್‌ಗಳ ಕೈಯಲ್ಲಿಲ್ಲ.

ಹೆಸರು ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಚುನಾವಣೆಗೆ 12 ಕೆಲಸದ ದಿನ ಮೊದಲು ಅದು ಮುಗಿದಿರಬೇಕು. 2023ರ ಮೇಯಿಂದ ಮತಗಟ್ಟೆಗೆ ಫೋಟೋ ಇರುವ ಗುರುತಿನ ಚೀಟಿ ಒಯ್ಯಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸೂ ನಡೆಯುತ್ತದೆ. ಆಧಾರ್ ನಡೆಯುವುದಿಲ್ಲ. ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಿ. ಬಾಡಿಗೆ ಮನೆಗಳಲ್ಲಿರುವ ನಮ್ಮವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲೇ.